ಪೇಟೆ ಬೀದಿಗೆ ಸೊಪ್ಪಿನವರು ಮರಳಿದ್ದು

ಯಲಹಂಕ ಹಳೇ ಊರಿನ ಪೇಟೆ ಬೀದಿಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ರವಿಕೆ ಬಟ್ಟೆ, ಲೈನಿಂಗ್, ಸೀರೆಯ ಫಾಲ್ಸ್, ದಾರ, ಹುಕ್ಕು ಮಾರುತ್ತೇನೆ. ನಮ್ಮತ್ತೆ ಶುರು ಮಾಡಿದ ಅಂಗಡಿ. ಅವರಿಗೆ ಮಂಡಿನೋವು ಜಾಸ್ತಿಯಾದ ಮೇಲೆ ಗಲ್ಲಾದಲ್ಲಿ ನಾನು ಕೂತೆ.

ಅಂಗಡಿಯ ಎದುರಿಗೆ, ರಸ್ತೆಯ ಅಂಚಿನಲ್ಲಿ, ಒಂದಷ್ಟು ಹೆಂಗಸರು ಗೋಣಿಚೀಲ ಹಾಸಿಕೊಂಡು ಸೊಪ್ಪು, ಅವರೆಕಾಯಿ, ನಿಂಬೆಹಣ್ಣು, ಹೂವು ಮಾರುತ್ತಿದ್ದರು. ಎಲ್ಲರಿಗಿಂತ ಹಿರಿಯಳು ರಾಜಾನುಕುಂಟೆಯಿಂದ ಬೆಳಗಿನ ಬಸ್ಸಿಗೆ ಗಂಟು ಹೊತ್ತು ಬರುತ್ತಿದ್ದ ಒಬ್ಬ ಅಜ್ಜಿ. ಬೆರಕೆ ಸೊಪ್ಪು ಬೇಕೆಂದರೆ ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಬೀದಿಯನ್ನು ಹೊಸದಾಗಿ ಮಾಡುತ್ತಾರೆ ಎಂಬ ಸುದ್ದಿ ಬಂದಾಗ ನಮಗೆಲ್ಲ ಖುಷಿಯಾಯಿತು. ಹೊಸ ಚರಂಡಿ, ಕಲ್ಲು ಹಾಸಿದ ಫುಟ್‌ಪಾತ್, ದೀಪದ ಕಂಬ, ಒಂದು ಬದಿಗೆ ಕಾರು ನಿಲ್ಲಿಸಲು ಜಾಗ. ಊರಾಚೆ ದೊಡ್ಡ ಮಾಲ್‌ಗಳು ಎದ್ದ ಮೇಲೆ ನಮ್ಮ ಬೀದಿ ಸೊರಗಿತ್ತು. ಕಾರಿನವರು ಇಲ್ಲಿಗೂ ಬಂದರೆ ಪೇಟೆ ಮತ್ತೆ ಪೇಟೆಯಾಗುತ್ತದೆ ಅಂದುಕೊಂಡೆವು. ಅಂಗಡಿಯವರ ಸಂಘದಿಂದ ಪಾಲಿಕೆಗೆ ಒಂದು ಅರ್ಜಿ ಬರೆದರು. ಬೀದಿ ಮುಗಿದ ಮೇಲೆ ನೆಲದ ಮೇಲೆ ಕೂತು ಮಾರುವವರಿಗೆ ಅವಕಾಶ ಕೊಡಬಾರದು ಎಂಬುದು ಅದರ ಸಾರ. ಅದಕ್ಕೆ ನಾನೂ ಸಹಿ ಹಾಕಿದೆ. ಕೊಳೆತ ಸೊಪ್ಪಿನ ಮೇಲೆ ಕಾಲಿಟ್ಟು ನನ್ನ ಗಿರಾಕಿಯೊಬ್ಬರು ಮೆಟ್ಟಿಲ ಹತ್ತಿರವೇ ಜಾರಿ ಬಿದ್ದಿದ್ದರು. ಆ ಸಿಟ್ಟು ಇತ್ತು. ಹಾಗಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಕೆಲಸ ಮುಗಿಯಲು ತಿಂಗಳುಗಟ್ಟಲೆ ಹಿಡಿಯಿತು. ಅಗೆದ ಗುಂಡಿಯ ಮೇಲೆ ಹಲಗೆ ಹಾಕಿ ಗಿರಾಕಿಗಳ ಕೈಹಿಡಿದು ದಾಟಿಸಿಕೊಂಡೆವು. ಸೊಪ್ಪಿನವರು ಒಬ್ಬೊಬ್ಬರಾಗಿ ಚದುರಿಹೋದರು. ಕೊನೆಗೆ ರಿಬ್ಬನ್ ಕತ್ತರಿಸಿದರು, ಫೋಟೋ ತೆಗೆದರು. ಬೀದಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು.

ಕಾರುಗಳೂ ಬಂದವು. ಬೆಳಿಗ್ಗೆ ಬಂದು ನಿಲ್ಲಿಸಿದವರು ಬಸ್ಸಿಗೋ ರೈಲಿಗೋ ಓಡಿಹೋಗುತ್ತಿದ್ದರು. ಸಂಜೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ದಿನವಿಡೀ ನನ್ನ ಅಂಗಡಿ ಕಾರುಗಳ ಹಿಂದೆ ಮುಚ್ಚಿಹೋಗಿರುತ್ತಿತ್ತು. ಮೊದಲು ಬೆಳಗಿನ ಹೊತ್ತು ಕಾಫಿ ಕುಡಿಯಲೂ ಬಿಡುವಿಲ್ಲದವಳು ಈಗ ಒಪ್ಪವಾಗಿದ್ದ ರವಿಕೆ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಚುತ್ತಾ ಕೂರುತ್ತಿದ್ದೆ.

ಒಂದು ದಿನ ಹಳೆಯ ಗಿರಾಕಿಯೊಬ್ಬರು, ಶಾಲೆಯ ಮೇಡಂ, ಬಹಳ ದಿನದ ಮೇಲೆ ಬಂದರು.

“ಏನ್ರೀ, ಕಾಣೋದೇ ಇಲ್ವಲ್ಲ?” ಎಂದೆ.

“ಸೊಪ್ಪಿನವ್ರೇ ಇಲ್ಲ ಕಣ್ರೀ, ಇನ್ಯಾತಕ್ಕೆ ಈ ಕಡೆ ಬರ್ಲಿ? ಸೊಪ್ಪಿಗೆ ಅಂತ ಬರ್ತಿದ್ದೆ, ಹಂಗೇ ನಿಮ್ಮಂಗ್ಡಿಗೂ ಹತ್ತುತ್ತಿದ್ದೆ. ಈಗ ಸೊಪ್ಪು ಫೋನಲ್ಲೇ ತರಿಸ್ತೀನಿ. ಫಾಲ್ಸೂ ಅದ್ರಲ್ಲೇ ಬರುತ್ತೆ.”

ಅವರು ಹೋದ ಮೇಲೂ ಆ ಮಾತು ಹೋಗಲಿಲ್ಲ. ನನ್ನ ಗಿರಾಕಿಗಳು ನನ್ನವರಾಗಿರಲಿಲ್ಲ, ಅಜ್ಜಿಯ ಗಿರಾಕಿಗಳಾಗಿದ್ದರು. ಅವಳನ್ನು ಎಬ್ಬಿಸಿ ಎಂದು ಬರೆದುಕೊಟ್ಟವಳು ನಾನು.

ಆ ಭಾನುವಾರವೇ ರಾಜಾನುಕುಂಟೆಯ ಬಸ್ ಹತ್ತಿದೆ. ಕೇಳುತ್ತಾ ಹೋದೆ. ಹೊಸ ಲೇಔಟಿನ ಕಲ್ಲುಕಂಬಗಳ ಪಕ್ಕ ಉಳಿದಿದ್ದ ಚೂರು ಹೊಲದಲ್ಲಿ ಅಜ್ಜಿ ದಂಟಿನ ಸೊಪ್ಪು ಕೀಳುತ್ತಿದ್ದಳು.

“ಯಾರು? ಓ, ಬಟ್ಟೆ ಅಂಗ್ಡಿ ಅಮ್ಮ. ಏನ್ ಇಂಗ್ ಬಂದ್ಬುಟ್ಟೆ?”

“ಪೇಟೆಗೆ ವಾಪಸ್ ಬನ್ನಿ ಅಂತ ಕರೆಯೋಕೆ ಬಂದೆ ಅಜ್ಜಿ.”

ಅವಳು ತಲೆಯೆತ್ತಲಿಲ್ಲ. “ಓಗು ಅಂತ ಬರ್ದು ಕೊಟ್ಟೋರೂ ನೀವೇ, ಬಾ ಅನ್ನೋರೂ ನೀವೇನಾ?”

“ಹೌದು. ನಾನೂ ಸಹಿ ಹಾಕಿದ್ದೆ. ತಪ್ಪು ಮಾಡ್ದೆ.”

“ಗೊತ್ತು. ನಿಮ್ ಬೀದಿ ಓಟ್ಲಿನೋನು ಯೋಳಿದ್ದ.” ಸೊಪ್ಪಿನ ಬೇರಿನ ಮಣ್ಣು ಕೊಡವಿ ಕಟ್ಟು ಕಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ಬಾ ಅಂದ್ರೆ ಬಂದ್ಬುಡಕ್ಕಾಯ್ತದಾ? ಇವತ್ತು ಕೂತ್ಕೋ ಅಂತೀರ, ನಾಳೆ ಇನ್ನೊಬ್ಬ ಬಂದು ಎದ್ದೇಳು ಅಂತಾನೆ. ಗಂಟು ಎತ್ಕೊಂಡು ಓಡೋ ವಯಸ್ಸಾ ನಂದು? ಕೂರಕ್ಕೆ ಜಾಗ ಬರ್ಸಿಕೊಡು. ಬತ್ತೀನಿ.”

ಬಸ್ಸಿನಲ್ಲಿ ವಾಪಸ್ ಬರುವಾಗ ನಿಶ್ಚಯ ಮಾಡಿಕೊಂಡೆ. ಬರೆಸಿಕೊಂಡೇ ಬರಬೇಕು.

ಮೊದಲು ಒಪ್ಪಿಸಬೇಕಾಗಿದ್ದು ನಮ್ಮವರನ್ನೇ. ಪಾತ್ರೆ ಅಂಗಡಿಯ ಯಜಮಾನರು ಸಂಘದ ಅಧ್ಯಕ್ಷರು. ನನ್ನ ಮಾತು ಮುಗಿಯುವ ಮೊದಲೇ ಕೈ ಆಡಿಸಿದರು. “ಇಷ್ಟು ಕಷ್ಟಪಟ್ಟು ಬೀದಿ ಕ್ಲೀನ್ ಮಾಡ್ಸಿದೀವಿ. ಮತ್ತೆ ಸಂತೆ ಮಾಡೋಣ ಅಂತೀರಲ್ಲಮ್ಮ.”

“ಅಣ್ಣಾ, ಒಂದೇ ಒಂದು ದಿನ ಅಂಗಡಿ ಮುಂದೆ ನನ್ ಜೊತೆ ಕೂತ್ಕೊಳ್ಳಿ. ಕಾರಿಂದ ಇಳಿದೋರು ಎಲ್ಲಿಗೆ ಹೋಗ್ತಾರೆ ಅಂತ ನೋಡೋಣ. ಆಮೇಲೂ ಬೇಡ ಅಂದ್ರೆ ನಾನು ಸುಮ್ನಾಗ್ತೀನಿ.”

ಎರಡು ಸ್ಟೂಲ್ ಹಾಕಿಕೊಂಡು ಕೂತೆವು. ಕಾರುಗಳು ಬಂದವು, ಬಾಗಿಲು ಬಡಿದವು, ಜನ ಬ್ಯಾಗು ನೇತುಹಾಕಿಕೊಂಡು ನಡೆದೇಬಿಟ್ಟರು. ಒಬ್ಬರೂ ನಮ್ಮ ಯಾವ ಅಂಗಡಿಯ ಮೆಟ್ಟಿಲೂ ಹತ್ತಲಿಲ್ಲ. ಒಬ್ಬಾತ ಮಾತ್ರ ಅಧ್ಯಕ್ಷರ ಹತ್ತಿರ ಬಂದು, “ಬಾಸ್, ಗಾಡಿ ಸ್ವಲ್ಪ ನೋಡ್ಕೊಳ್ಳಿ, ಸಂಜೆ ಬರ್ತೀನಿ” ಅಂದ. ಇಡೀ ಪೇಟೆಯೇ ಎದ್ದು ನಮಸ್ಕಾರ ಹಾಕುವ ಮನುಷ್ಯ ಅವರು. ಮುಖ ಕೆಂಪಾಯಿತು. ನಾನು ನಗು ತಡೆದುಕೊಂಡೆ.

“ಏಳಮ್ಮ,” ಎಂದರು ಸ್ಟೂಲ್ ಎತ್ತಿಕೊಂಡು. “ಪಾಲಿಕೆ ಆಫೀಸಿಗೆ ಹೋಗೋಣ.”

ಆಫೀಸಿಗೆ ಎಷ್ಟು ಸಲ ಹೋದೆವೋ ಲೆಕ್ಕವಿಟ್ಟಿಲ್ಲ. ಸಾಹೇಬರು ಸೈಟಿಗೆ ಹೋಗಿದ್ದಾರೆ, ಮೀಟಿಂಗಿನಲ್ಲಿದ್ದಾರೆ, ಫೈಲ್ ಮೇಲೆ ಹೋಗಿದೆ. ಅಧ್ಯಕ್ಷರು ಮೂರನೇ ಸಲಕ್ಕೇ ಸುಸ್ತಾದರು. ನಾನು ಅಂಗಡಿಯನ್ನು ನಮ್ಮತ್ತೆಗೆ ಒಪ್ಪಿಸಿ ಒಬ್ಬಳೇ ಹೋಗತೊಡಗಿದೆ. ಅತ್ತೆ ಸ್ಟೂಲಿನ ಮೇಲೆ ಕಾಲು ನೀಡಿ ಕೂತು, “ಹೋಗು, ಇವತ್ತು ಸುಮ್ನೆ ಬರ್ಬೇಡ” ಅನ್ನುತ್ತಿದ್ದರು. ಎಂಜಿನಿಯರ್ ಸಿಕ್ಕ ದಿನ ಅವರು ನಕ್ಷೆ ಬಿಡಿಸಿ ತೋರಿಸಿದರು. “ಪ್ಲಾನಲ್ಲಿ ಇವರಿಗೆ ಜಾಗಾನೇ ಇಲ್ಲ ಮೇಡಂ. ನಡೆಯೋರಿಗೆ ಅಡ್ಡ ಆಗುತ್ತೆ.”

“ಅಡ್ಡ ಆಗಲ್ಲ ಅಂತ ತೋರಿಸ್ತೀವಿ ಸಾರ್. ಒಂದು ಭಾನುವಾರ ಬೆಳಿಗ್ಗೆ ಬನ್ನಿ.”

ಬರುತ್ತೇನೆ ಎಂದರು. ನಂಬಿಕೆ ಇರಲಿಲ್ಲ, ಆದರೂ ತಯಾರಾದೆವು. ಕಾರುಗಳು ಬರುವ ಮೊದಲೇ ಅಧ್ಯಕ್ಷರೂ ನಾನೂ ಟೇಪು ಹಿಡಿದು ಪಾರ್ಕಿಂಗ್ ಜಾಗದಲ್ಲಿ ರಂಗೋಲಿ ಪುಡಿಯಿಂದ ಚೌಕಗಳನ್ನು ಎಳೆದೆವು. ಫುಟ್‌ಪಾತ್ ಪೂರ್ತಿ ಖಾಲಿ ಬಿಟ್ಟೆವು. ಬಾಗಲಗುಂಟೆಯ ಕಡೆ ತಳ್ಳುಗಾಡಿಯಲ್ಲಿ ಮಾರುತ್ತಿದ್ದ ನಿಂಬೆಹಣ್ಣಿನವಳಿಗೆ ಫೋನ್ ಮಾಡಿ ಕರೆಸಿದ್ದೆ. ಇನ್ನೂ ನಾಲ್ಕು ಜನ ಬಂದರು. ಅಜ್ಜಿ ಬರಲಿಲ್ಲ. ಬರೆದಿದ್ದು ತೋರಿಸದೆ ಅವಳು ಬರುವವಳಲ್ಲ.

ಎಂಜಿನಿಯರ್ ಬಂದರು, ಹೆಂಡತಿಯ ಜೊತೆಗೆ. ಅವರು ಅತ್ತಿಂದಿತ್ತ ನಡೆದು ಅಳತೆ ಹಾಕುವಷ್ಟರಲ್ಲಿ ಆಕೆ ಎರಡು ಕಟ್ಟು ಮೆಂತ್ಯ, ಅವರೆಕಾಯಿ ಕೊಂಡು, ನನ್ನ ಅಂಗಡಿಗೂ ಹತ್ತಿ ಹಸಿರು ಸೀರೆಗೆ ರವಿಕೆ ಬಟ್ಟೆ ಕೇಳಿದರು. ನಾನು ಎಂಜಿನಿಯರ್ ಮುಖ ನೋಡಿದೆ. ಅವರು ನಕ್ಕುಬಿಟ್ಟರು.

ಒಂದೂವರೆ ತಿಂಗಳಾದ ಮೇಲೆ ಆದೇಶ ಬಂತು. ಮಧ್ಯಾಹ್ನದವರೆಗೆ ಆ ಬದಿ ಕೂತು ಮಾರುವವರಿಗೆ. ಆಮೇಲೆ ಕಾರುಗಳಿಗೆ, ಅದೂ ಸ್ವಲ್ಪ ಹೊತ್ತಿಗೆ ಮಾತ್ರ. ಕಸ ಗುಡಿಸುವ ಹೊಣೆ ಅಂಗಡಿಯವರದೂ ಮಾರುವವರದೂ. ಅದನ್ನು ಹಿಡಿದುಕೊಂಡು ಮತ್ತೆ ರಾಜಾನುಕುಂಟೆಗೆ ಹೋದೆ. “ಓದಿ ಯೋಳು,” ಎಂದಳು ಅಜ್ಜಿ. ಎರಡು ಸಲ ಓದಿಸಿದಳು. ಮಾರನೆಯ ದಿನ ಗಂಟಿನೊಂದಿಗೆ ಬಂದು ಕೂತಳು.

ಎಲ್ಲರೂ ಮರಳಲಿಲ್ಲ. ಹೂವಿನವಳು ಹೆಬ್ಬಾಳದ ಹತ್ತಿರ ಅಪಾರ್ಟ್‌ಮೆಂಟಿನಲ್ಲಿ ಕೆಲಸಕ್ಕೆ ಸೇರಿದ್ದಳು. “ಇನ್ನು ಬಿಸಿಲಲ್ಲಿ ಕೂರೋಕಾಗಲ್ಲಕ್ಕ” ಎಂದಳು. ನಮ್ಮ ಪಕ್ಕದ ಫ್ಯಾನ್ಸಿ ಸ್ಟೋರಿನವರು ಆ ಕೆಟ್ಟ ತಿಂಗಳುಗಳಲ್ಲೇ ಬಾಗಿಲು ಹಾಕಿದ್ದರು. ಅವರೂ ಮತ್ತೆ ತೆರೆಯಲಿಲ್ಲ. ಆದರೂ ಬೆಳಗಿನ ಬೀದಿಯಲ್ಲಿ ಈಗ ಜನ ನಿಂತು ಮಾತಾಡುತ್ತಾರೆ. ಆ ಖಾಲಿ ಮಳಿಗೆಗೆ ಹೆಂಗಸೊಬ್ಬಳು ಎರಡು ಹೊಲಿಗೆ ಯಂತ್ರ ತಂದು ಹಾಕಿದ್ದಾಳೆ. ನಾನು ಬಟ್ಟೆ ಕೊಟ್ಟವರನ್ನು ಅವಳ ಹತ್ತಿರ ಕಳಿಸುತ್ತೇನೆ, ಅವಳು ಲೈನಿಂಗಿಗೆ ನನ್ನ ಹತ್ತಿರ.

ಅಜ್ಜಿ ನನ್ನನ್ನು ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ. ಕೇಳಲಿಲ್ಲ. ಮೊನ್ನೆ ಬಿಸಿಲು ಜೋರಾಗಿದ್ದಾಗ ಒಂದು ಚೊಂಬು ನೀರು ಕೊಡಹೋದೆ. ಬೇಡವೆಂದಳು.

“ಕುಡೀರಿ ಅಜ್ಜಿ, ಬೆಳಿಗ್ಗೆಯಿಂದ ಒಂದು ತೊಟ್ಟೂ ಕುಡಿದಿಲ್ಲ ನೀವು.”

“ಕುಡುದ್ರೆ ಎಲ್ಲಿಗೋಗಣ? ಈ ಬೀದೀಲಿ ಎಣ್ಣುಮಕ್ಳಿಗೆ ಒಂದು ಜಾಗ ಐತಾ?”

ಇಷ್ಟು ವರ್ಷ ಎದುರಿಗೇ ಕೂತಿದ್ದವಳ ಬಗ್ಗೆ ಈ ಮಾತು ನನಗೆ ಹೊಳೆದೇ ಇರಲಿಲ್ಲ. ಅಂಗಡಿಯ ಹಿಂದಿನ ಶೌಚಾಲಯದ ಕೀಲಿಯನ್ನು ಆವತ್ತೇ ಆ ಹೆಂಗಸರಿಗೆ ಕೊಟ್ಟೆ. ಅದು ಸಾಲದು. ಬೀದಿಗೇ ಒಂದು ಬೇಕೆಂದು ಕೇಳಲು ಸೋಮವಾರ ಎಂಜಿನಿಯರ್ ಹತ್ತಿರ ಹೊರಟಿದ್ದೇವೆ. ಈ ಸಲ ಅಜ್ಜಿಯೂ ಬರುತ್ತೇನೆ ಅಂದಿದ್ದಾಳೆ.