ನಾನು ಕಾಯದ ವೀರಗಲ್ಲು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನದು ತಪಾಸಣೆ ಕೆಲಸ. ಲೇತ್‌ನಿಂದ ಇಳಿದ, ಸಣ್ಣ ಕೊಳವೆಯಂಥ ಉಕ್ಕಿನ ಬುಷ್‌ಗಳನ್ನು ಮೈಕ್ರೋಮೀಟರಿನಲ್ಲಿ ಹಿಡಿದು, ಬಂದ ಅಳತೆಯನ್ನು ಕಾರ್ಡಿನಲ್ಲಿ ಬರೆಯಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಕೂತು ಬರೆಯುವ ಕೆಲಸ ಸಿಕ್ಕಿದ್ದೇ ದೊಡ್ಡ ಹೆಮ್ಮೆ. ಪ್ರತಿ ಬುಷ್ಷನ್ನೂ ಅಳೆಯಬೇಕು ಅಂತ ಗೋಡೆ ಮೇಲೆ ಬರೆದಿತ್ತು. ನಾವು ಹತ್ತಕ್ಕೊಂದು ಅಳೆಯುತ್ತಿದ್ದೆವು, ಉಳಿದ ಒಂಬತ್ತನ್ನು ಕೈ ತಾನಾಗಿ ಬರೆಯುತ್ತಿತ್ತು. ಎಲ್ಲದಕ್ಕೂ ಒಂದೇ ಅಂಕಿ ಬರೆದರೆ ಸೂಪರ್‌ವೈಸರ್‌ಗೆ ಅನುಮಾನ ಬರುತ್ತದೆ. ಅದಕ್ಕೆ ಕೊನೆಯ ಅಂಕಿಯನ್ನು ಅಲ್ಲಲ್ಲಿ ಒಂದಿಷ್ಟು ಹೆಚ್ಚು ಕಮ್ಮಿ ಮಾಡಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಶೆಡ್ಡಿನಲ್ಲಿ ಇರಲಿಲ್ಲ.

"ಗುರು, ನಿನ್ನ ಸುಳ್ಳು ನಮ್ಮ ನಿಜಕ್ಕಿಂತ ಚೆನ್ನಾಗಿ ಕಾಣುತ್ತೆ" ಅಂತ ಪಕ್ಕದ ಟೇಬಲ್ಲಿನವನು ಹೇಳಿದ್ದ. ಆ ಸಂತೋಷಕ್ಕೆ ಅವನಿಗೆ ಟೀ ಕೊಡಿಸಿದ್ದೆ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಅಕ್ಕನ ಮರ್ಯಾದೆ ಹೋದದ್ದು ಇದೇ ವಿದ್ಯೆಯಿಂದ.

ಅಕ್ಕ ಮಾದನಾಯಕನಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಆಗ, ತೊಂಬತ್ತರ ದಶಕದ ನಡುವಿನಲ್ಲಿ, ತುಮಕೂರು ರಸ್ತೆಯ ಎರಡೂ ಕಡೆ ಗೋಡೌನುಗಳು ಏಳುತ್ತಿದ್ದವು. ಹೊಲದ ಬದುವಿನಲ್ಲಿ, ಕೆರೆಯ ಪಕ್ಕದಲ್ಲಿ ಬಿದ್ದಿದ್ದ ಹಳೆಯ ಶಾಸನ, ವೀರಗಲ್ಲುಗಳು ರಾತ್ರಿ ಬೆಳಗಾಗುವುದರಲ್ಲಿ ಮಾಯವಾಗುತ್ತಿದ್ದವು. ಒಬ್ಬ ನಿವೃತ್ತ ಮೇಷ್ಟ್ರು ಇದನ್ನು ನೋಡಲಾರದೆ ಹತ್ತು ಹದಿನೈದು ಜನರನ್ನು ಸೇರಿಸಿದರು. ಒಬ್ಬೊಬ್ಬರು ಒಂದೊಂದು ಕಲ್ಲನ್ನು ವಹಿಸಿಕೊಳ್ಳುವುದು, ಹದಿನೈದು ದಿನಕ್ಕೊಮ್ಮೆ ಹೋಗಿ ನೋಡುವುದು, ಕಲ್ಲು ಹೇಗಿದೆ ಅಂತ ಕಾರ್ಡಿನಲ್ಲಿ ಬರೆದು ಕೊಡುವುದು. ಸಂಬಳವಿಲ್ಲ, ಬಸ್ ಚಾರ್ಜೂ ಇಲ್ಲ.

ಅಕ್ಕನ ಪಾಲಿಗೆ ಬಂದದ್ದು ಒಂದು ಕೆರೆ ಏರಿಯ ಮೇಲಿನ ವೀರಗಲ್ಲು. ಎದೆಯೆತ್ತರದ ಚಪ್ಪಡಿ, ಕೆಳಗೆ ಕತ್ತಿ ಹಿಡಿದು ಕಾದಾಡುವವನು, ಅವನ ಹಿಂದೆ ದನಗಳು, ಮೇಲೆ ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಹೆಂಗಸರು. "ಊರಿನ ದನ ಬಿಡಿಸ್ಕೊಳ್ಳೋಕೆ ಹೋಗಿ ಸತ್ತೋನು ಕಣೋ. ಅವನ ಹೆಸರೂ ಉಳಿದಿಲ್ಲ. ಕಲ್ಲೊಂದೇ ಉಳಿದಿರೋದು" ಅಂತ ಅಕ್ಕ ಹೇಳುವಾಗ, ಅವನು ನಮ್ಮ ಸೋದರಮಾವನೇನೋ ಅನ್ನಿಸುತ್ತಿತ್ತು.

ಆ ಮಳೆಗಾಲದ ಶುರುವಿನಲ್ಲಿ ಅಕ್ಕ ಬಸ್ಸಿನ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ ದಿನವೇ ಕೇಳಿದ್ದು, "ಮೂರು ತಿಂಗಳು ನನ್ನ ಕಲ್ಲು ನೋಡ್ಕೋತೀಯೇನೋ? ನೀನು ದಿನಾ ಮಾಡೋದು ತಪಾಸಣೇನೇ ಅಲ್ವಾ?"

ನನ್ನ ಕೆಲಸಕ್ಕೆ ಯಾರೂ ಅಷ್ಟು ಗೌರವ ಕೊಟ್ಟಿರಲಿಲ್ಲ. ಆ ಭಾನುವಾರವೇ ಇಸ್ತ್ರಿ ಮಾಡಿದ ಅಂಗಿ ಹಾಕಿ, ಜೇಬಿಗೆ ಎರಡು ಪೆನ್ನು ಸಿಕ್ಕಿಸಿ, ಮೊಪೆಡ್ಡಿನಲ್ಲಿ ಹೊರಟೆ. ಕೆರೆ ಏರಿಯ ಮೇಲೆ ಮೇಕೆ ಮೇಯಿಸುತ್ತಿದ್ದ ಒಬ್ಬ ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾರಪ್ಪ ನೀನು? ಸರ್ವೆಯೋನಾ?"

"ಅಲ್ಲಜ್ಜಿ, ಈ ಕಲ್ಲು ಹೇಗಿದೆ ಅಂತ ನೋಡೋಕೆ ಬಂದಿದ್ದೀನಿ."

"ನೋಡ್ಕೋ. ಅದೇನು ಓಡೋಯ್ತದಾ?"

ಆ ಒಂದು ಮಾತು ನನಗೆ ವೇದವಾಗಿಬಿಟ್ಟಿತು. ಮುಂದಿನ ಸರದಿಯ ಭಾನುವಾರ ಟಿವಿಯಲ್ಲಿ ಕ್ರಿಕೆಟ್ ಇತ್ತು. ನೂರಾರು ವರ್ಷ ಅಲ್ಲಾಡದ ಕಲ್ಲು ಈ ಹದಿನೈದು ದಿನದಲ್ಲಿ ಎಲ್ಲಿಗೆ ಹೋದೀತು? ಬ್ಯಾಟಿಂಗ್ ಮುಗಿಯುವುದರೊಳಗೆ ಕಾರ್ಡು ತುಂಬಿದೆ. ಅದರ ಮುಂದಿನದನ್ನು ಹೇರ್ ಕಟಿಂಗ್ ಅಂಗಡಿಯಲ್ಲಿ ಸರದಿಗೆ ಕಾಯುತ್ತಾ ತುಂಬಿದೆ. ಬರೀ 'ಯಥಾಸ್ಥಿತಿ' ಅಂತ ಬರೆದರೆ ಅನುಮಾನ ಬರುತ್ತದೆ ಅನ್ನುವುದು ನನ್ನ ಕಸುಬಿನ ಮೊದಲ ಪಾಠ. ಹಾಗಾಗಿ ಒಮ್ಮೆ 'ಪಾಚಿ ಸ್ವಲ್ಪ ಜಾಸ್ತಿ' ಅಂದೆ. ಇನ್ನೊಮ್ಮೆ 'ಎಡಗಡೆ ಬುಡದಲ್ಲಿ ಕೆಂಪು ಇರುವೆ ಗೂಡು ಕಟ್ಟಿವೆ' ಅಂದೆ. ಅದರ ಮುಂದಿನ ಸಲ ಗೂಡನ್ನು ಎರಡು ಬೆರಳು ಬೆಳೆಸಿದೆ.

ಅಕ್ಕ ಹಾಸಿಗೆಯಲ್ಲಿ ಕೂತು ಓದಿದಳು. "ಇರುವೆ! ಲೋ, ನಿನ್ನ ಕಣ್ಣು ನನ್ನ ಕಣ್ಣಿಗಿಂತ ಚುರುಕು ಕಣೋ."

ನನ್ನ ಕಾಗುಣಿತ ನೋಡಿದರೆ ಯಾರಾದರೂ ನಗುತ್ತಾರೆ ಅಂತ, ಅವಳು ಪ್ರತಿ ಕಾರ್ಡನ್ನೂ ತನ್ನ ದುಂಡಗಿನ ಅಕ್ಷರದಲ್ಲಿ ಮತ್ತೆ ಬರೆದು, ಕೆಳಗೆ ತಾನೇ ಸಹಿ ಮಾಡಿ ಕಳಿಸುತ್ತಿದ್ದಳು. ಮೇಷ್ಟ್ರಿಗೂ ಇರುವೆ ಬಹಳ ಹಿಡಿಸಿತು. ಮನೆಗೇ ಬಂದು, "ಗಮನಿಸೋದು ಅಂದ್ರೆ ಇದು ಕಣಯ್ಯ. ಬೇರೆಯವರಿಗೂ ಸ್ವಲ್ಪ ಹೇಳಿಕೊಡು" ಅಂದರು. ನಾನು ತಲೆ ತಗ್ಗಿಸಿ ನಕ್ಕೆ. ಅವರು ಅದನ್ನು ವಿನಯ ಅಂದುಕೊಂಡರು. ಆ ಕ್ಷಣ ನಾನೂ ಅಂದುಕೊಂಡೆ.

ಒಟ್ಟು ಆರು ಕಾರ್ಡು. ಮೊದಲನೆಯದು ನಿಜ, ಐದು ಸುಳ್ಳು. ಕಾರ್ಖಾನೆಯ ಲೆಕ್ಕಕ್ಕೆ ಹೋಲಿಸಿದರೆ ಪ್ರಾಮಾಣಿಕನೇ.

ಅಷ್ಟರಲ್ಲಿ ಆ ಏರಿಯ ಪಕ್ಕದಲ್ಲಿ ಗೋಡೌನಿಗೆ ರಸ್ತೆ ಮಾಡುವ ಸುದ್ದಿ ಬಂತು. ಮೇಷ್ಟ್ರು ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದು, ರಸ್ತೆಗೆ ಒಪ್ಪಿಗೆ ಕೊಡುವ ಮುಂಚೆ ಒಬ್ಬ ಅಧಿಕಾರಿ ಬಂದು ಕಲ್ಲು ನೋಡುವಂತೆ ಮಾಡಿದರು. ಅಕ್ಕ ಆಗ ತಾನೇ ಕೋಲು ಹಿಡಿದು ನಡೆಯುತ್ತಿದ್ದಳು. ಕಾರ್ಡುಗಳ ಫೈಲನ್ನು ಎದೆಗವಚಿಕೊಂಡು ಏರಿ ಹತ್ತಿದಳು. ಹಿಂದೆ ನಾನು. ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಕಲ್ಲು ಇದ್ದೇ ಇರುತ್ತದೆ ಅಂತ ನಾನು ನಿಜಕ್ಕೂ ನಂಬಿದ್ದೆ. ಅಷ್ಟು ಸಲ ಬರೆದ ಮೇಲೆ ನಂಬಿಕೆ ಬಂದೇ ಬರುತ್ತದೆ.

ಕಲ್ಲು ಇರಲಿಲ್ಲ. ಅದಿದ್ದ ಜಾಗದಲ್ಲಿ ಒಂದು ಗುಂಡಿ, ಗುಂಡಿಯ ತುಂಬ ಸೊಂಟದೆತ್ತರಕ್ಕೆ ಬೆಳೆದು ಬಿಳಿ ಹೂ ಬಿಟ್ಟ ಕಾಂಗ್ರೆಸ್ ಗಿಡ. ನಿನ್ನೆ ಮೊನ್ನೆ ಕಿತ್ತದ್ದಲ್ಲ ಅಂತ ಅದನ್ನು ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು.

ಅಧಿಕಾರಿ ಫೈಲು ತಿರುವಿ ಕೊನೆಯ ಕಾರ್ಡು ಓದಿದರು. ಅದು ಹಿಂದಿನ ಭಾನುವಾರದ್ದು. "ಏನ್ ಮೇಡಂ, ಕಲ್ಲನ್ನೂ ಇರುವೆಗಳೇ ಹೊತ್ಕೊಂಡು ಹೋದ್ವಾ?" ಜೊತೆಗಿದ್ದವರು ನಕ್ಕರು. "ಇಂಥ ಕಾರ್ಡು ನಂಬ್ಕೊಂಡು ನಾವು ರಸ್ತೆ ನಿಲ್ಲಿಸಬೇಕಾ? ಇದನ್ನ ಬರೆದೋರು ಯಾರು?"

ಅಕ್ಕ ತಿರುಗಿ ನನ್ನನ್ನು ನೋಡಿದಳು. ಒಂದೇ ಒಂದು ಸಲ. ನಾನು ಗಿಡದ ಹೂ ನೋಡುತ್ತಿದ್ದೆ.

"ನಾನೇ ಸಾರ್" ಅಂದಳು. "ಅಕ್ಷರ ನಂದೇ, ಸಹೀನೂ ನಂದೇ. ಉಳಿದವರ ಕಾರ್ಡು ಹೀಗಿಲ್ಲ. ದಯವಿಟ್ಟು ಅವನ್ನ ನಂಬಿ."

ಮೇಷ್ಟ್ರು ಚಪ್ಪಲಿಗೆ ಅಂಟಿದ ಮಣ್ಣನ್ನು ಒಂದು ಕಡ್ಡಿಯಿಂದ ಬಹಳ ಹೊತ್ತು ತೆಗೆದರು. ಗುಂಪಿನ ಮಾತಿಗೆ ಬೆಲೆ ಉಳಿಯಲಿ ಅಂತ ಅಕ್ಕ ಆ ವಾರವೇ ಗುಂಪನ್ನು ಬಿಟ್ಟಳು. ಆಗಲೂ ನಾನು ಎಂದಿನಂತೆ ಕಾರ್ಖಾನೆಯಲ್ಲಿ ಕಾರ್ಡು ತುಂಬುತ್ತಿದ್ದೆ.

ಮನೆಯಲ್ಲಿ ಅವಳು ಕೇಳಿದ್ದು ಎರಡೇ ಪ್ರಶ್ನೆ. "ಎಷ್ಟು ಸಲ ಹೋಗಿದ್ದೆ?"

"ಒಂದ್ಸಲ."

"ಇರುವೆ?"

"ಇರಲಿಲ್ಲ ಕಣಕ್ಕ."

"ಅದನ್ನ ನಾನು ಕ್ಲಾಸಲ್ಲಿ ಮಕ್ಕಳಿಗೂ ಹೇಳಿದ್ದೆ" ಅಂದು, ಅನ್ನಕ್ಕೆ ನೀರಿಡಲು ಹೋದಳು. ಎರಡು ಏಟು ಕೊಟ್ಟಿದ್ದರೆ ಬೇಗ ಮುಗಿಯುತ್ತಿತ್ತು.

ಮುಂದಿನ ಭಾನುವಾರ ಮತ್ತೆ ಮೊಪೆಡ್ ಹತ್ತಿದೆ. ಅದೇ ಅಜ್ಜಿ, ಅದೇ ಮೇಕೆಗಳು. "ಓಡೋಯ್ತು ಕಣಪ್ಪ ನಿನ್ನ ಕಲ್ಲು, ಟ್ರಾಕ್ಟರ್ ಮ್ಯಾಲೆ" ಅಂದಳು. "ನೀನು ಬಂದೋದ ವಾರಾನೇ. ನೀನು ಬತ್ತೀಯ, ನಿಂಗೇಳಾಣ ಅಂತ ಕಾಯ್ತಿದ್ದೆ. ಮತ್ತೆ ಬರ್ಲೇ ಇಲ್ವಲ್ಲ?"

ಟ್ರಾಕ್ಟರ್ ಹೋಯಿತು ಅಂತ ಅಜ್ಜಿ ತೋರಿಸಿದ ದಿಕ್ಕಿನಲ್ಲಿ ಐದು ಭಾನುವಾರ ಹುಡುಕಿದೆ. ತಪ್ಪಿಸಿದ ಐದಕ್ಕೆ ಸರಿಯಾಗಿ ಐದು ಅಂತ ಲೆಕ್ಕ ಹಾಕಿರಲಿಲ್ಲ, ಹಾಗಾಯಿತು ಅಷ್ಟೆ. ಕೊನೆಗೆ ಒಂದು ಗೋಡೌನಿನ ಗೇಟಿನ ಮುಂದೆ, ಚರಂಡಿ ದಾಟಲು ಹಾಕಿದ್ದ ಚಪ್ಪಡಿಯ ಅಳತೆ ಕಣ್ಣಿಗೆ ಸರಿ ಅನ್ನಿಸಿತು. ಮೇಲ್ಮೈ ಬೋಳು. ಚರಂಡಿಗೆ ಇಳಿದು, ಅಂಗಾತ ಮಲಗಿ, ಅದರ ಕೆಳಗೆ ತಲೆ ತೂರಿಸಿದೆ.

ಗೇಟಿನ ಕಾವಲುಗಾರ ಗುಲ್ಬರ್ಗ ಕಡೆಯವನು. ಓಡಿ ಬಂದ. "ಯಾಕ್ರೀ ಅಣ್ಣಾರ, ಬಿದ್ದೀರೇನ್ರೀ?"

"ಇಲ್ಲ, ನೋಡ್ತಾ ಇದ್ದೀನಿ."

"ಗಟಾರದಾಗ ಏನ್ ನೋಡ್ತೀರ್ರೀ?"

ನನ್ನ ಮೂಗಿನಿಂದ ಒಂದು ಗೇಣು ಮೇಲೆ ಕತ್ತಿ ಹಿಡಿದವನು ಇದ್ದ. ದನಗಳೂ ಇದ್ದವು. ಲಾರಿಗಳ ಭಾರಕ್ಕೆ ಅವನ ಎದೆಯ ಮೇಲೆ ಅಡ್ಡಕ್ಕೆ ಬಿರುಕು ಬಿಟ್ಟಿತ್ತು.

ಅಲ್ಲೇ ಕೂತು ಕಾರ್ಡು ಬರೆದೆ. 'ಕಲ್ಲು ಚರಂಡಿ ಮೇಲಿದೆ. ಮುಖ ಕೆಳಗೆ. ಬಿರುಕು ಬಿಟ್ಟಿದೆ. ಇರುವೆ ಇಲ್ಲ. ಹಿಂದಿನ ಐದು ಕಾರ್ಡು ಸುಳ್ಳು, ಹೇಳಿದವನು ನಾನು.' ಅಕ್ಕನ ಮುಂದಿಟ್ಟೆ. ಅಭ್ಯಾಸದಂತೆ ತಿದ್ದಲು ಪೆನ್ನು ತೆಗೆದಳು. ಓದಿ ಮುಗಿಸಿ, ಕ್ಯಾಪು ಹಾಕಿ, ಪೆನ್ನನ್ನು ನನಗೆ ಕೊಟ್ಟಳು. "ಸಹಿ ನೀನೇ ಮಾಡು."

ಆ ಕಾರ್ಡನ್ನು ಮೇಷ್ಟ್ರಿಗೂ ತಾಲ್ಲೂಕು ಕಚೇರಿಗೂ ನಾನೇ ಹೋಗಿ ಕೊಟ್ಟೆ. ಅಧಿಕಾರಿ ನನ್ನ ಕಾಗುಣಿತಕ್ಕೆ ನಕ್ಕರು, ಮೇಷ್ಟ್ರು ನಗಲಿಲ್ಲ. ಮೂರು ತಿಂಗಳ ನಂತರ, ಕಚೇರಿಯಿಂದ ಪತ್ರ ಹೋದ ಮೇಲೆ, ಗೋಡೌನಿನವರೇ ಕ್ರೇನು ಕೊಟ್ಟು ಕಲ್ಲನ್ನು ಎತ್ತಿಸಿದರು. ಏರಿಯ ಮೇಲೆ ರಸ್ತೆ ಬಂದಾಗಿತ್ತು, ಹಾಗಾಗಿ ಅಕ್ಕನ ಶಾಲೆಯ ಅಂಗಳದಲ್ಲಿ ನಿಲ್ಲಿಸಿದರು. ಮೇಷ್ಟ್ರು ಎಷ್ಟು ಕರೆದರೂ ಅಕ್ಕ ಗುಂಪಿಗೆ ವಾಪಸ್ ಹೋಗಲಿಲ್ಲ.

ಹದಿನೈದು ದಿನಕ್ಕೊಮ್ಮೆ ನಾನು ಕಾರ್ಖಾನೆಯ ಗೇಜು ತಂದು ಬಿರುಕಿನ ಅಗಲ ಅಳೆಯುತ್ತೇನೆ. ಅದು ಬೆಳೆದಿಲ್ಲ. ಹಾಗಾಗಿ ಮೊದಲಿನಿಂದಲೂ ಕಾರ್ಡಿನಲ್ಲಿ ಒಂದೇ ಅಂಕಿ. ಒಂದೇ ಅಂಕಿ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಹೋದ ಸಲ ನಾನು ಅಳೆದು ಎದ್ದ ಮೇಲೆ, ಅಕ್ಕ ನನ್ನ ಕೈಯಿಂದ ಗೇಜು ಇಸಿದುಕೊಂಡು, ಕನ್ನಡಕ ಏರಿಸಿ, ತಾನೂ ಒಂದು ಸಲ ಅಳೆದು ನೋಡಿದಳು.