ಬಾಗಿಲ ಬಳಿಯ ಮೇಜು

ಒಲ್ಮೆದೊ ಪುಯೆತಾತೆಯ ಊಟದ ಮನೆಯಲ್ಲಿ ಇಪ್ಪತ್ತೆರಡು ವರ್ಷ ಆಲೂಗಡ್ಡೆ ಸುಲಿದವಳು ನಾನು, ತಾರ್ಸಿಲಾ. ಅವನ ಗುಣ ನನಗಿಂತ ಚೆನ್ನಾಗಿ ಬಲ್ಲವರಿದ್ದರೆ ಮುಂದೆ ಬರಲಿ. ತುಲ್ಕಾನ್ ಬಸ್ ನಿಲ್ದಾಣದ ಎದುರಿಗೆ ಅವನ ಅಂಗಡಿ. ಸ್ವಲ್ಪ ಇಳಿದರೆ ರುಮಿಚಾಕಾ ಸೇತುವೆ. ಈಚೆ ಎಕ್ವಡಾರ್, ಆಚೆ ಕೊಲಂಬಿಯಾ. ನಾನು ಆಚೆಯವಳು. ಎರಡೂ ಕಡೆ ಅದೇ ಚಳಿ, ಅದೇ ಆಲೂಗಡ್ಡೆ, ಅದೇ ಕಂಬಳಿ. ಆದರೂ ನಾನು ರಜೆ ಕೇಳಿದ ದಿನ ಒಲ್ಮೆದೊಗೆ ನಾನು ಹೊರದೇಶದವಳು ಎಂಬುದು ನೆನಪಾಗುತ್ತಿತ್ತು.

ಬಂದವರನ್ನು ಅವನು ಹುಟ್ಟೂರು ಕೇಳಿ ಕೂರಿಸುತ್ತಿದ್ದ. ಒಲೆಯ ಪಕ್ಕದ ಮೇಜು ನಮ್ಮವರಿಗೆ, ಅಂದರೆ ತುಲ್ಕಾನ್, ಸೇತುವೆಯಾಚೆಯ ಇಪಿಯಾಲೆಸ್, ಪಾಸ್ತೊ ಕಡೆಯವರಿಗೆ. ಕಂಬದ ಹಿಂದಿನದು ರಾಜಧಾನಿ ಕೀತೊದವರಿಗೆ. ಉಪ್ಪು ಬೇಕಾದರೂ ಮೂರು ಸಲ ಕ್ಷಮೆ ಕೇಳಿ, ಮನಸ್ಸಿನಲ್ಲಿ ನಮ್ಮನ್ನು ದಡ್ಡರೆನ್ನುವ ಜನ. ಕೊಲಂಬಿಯಾದ ಮೆದೆಯಿನ್ ಕಡೆಯವರ ಬಾಯಿಗೆ ಬೀಗವಿಲ್ಲ ಅಂತ ಅವರು ಗೋಡೆಗೆ ಮುಖ ಮಾಡಿ ಕೂರಬೇಕು. ಬಾಗಿಲ ಬಳಿ, ಗಾಳಿ ಬಡಿಯುವಲ್ಲಿ, ಘಟ್ಟದ ಕೆಳಗಿನವರು. ಎರಡೂ ದೇಶಗಳ ಕರಾವಳಿಯವರೆಲ್ಲ ಅಲ್ಲೇ. ಸಾರಿನಲ್ಲೂ ಪಂಕ್ತಿಭೇದ. ಒಲೆಯ ಪಕ್ಕದವರಿಗೆ ಪಾತ್ರೆಯ ತಳದ ಗಟ್ಟಿ, ಬಾಗಿಲಿನವರಿಗೆ ಮೇಲಿನ ತಿಳಿ.

"ಕೆಳಗಿನೋರಿಗೆ ಏನ್ ಗೊತ್ತಾಗುತ್ತೆ ತಾರ್ಸಿಲಾ? ಮೀನು ತಿನ್ನೋ ಜನ, ನೀರು ಕಂಡ್ರೆ ಸಾಕು ಅವರಿಗೆ," ಅನ್ನುತ್ತಿದ್ದ.

ಇಡೀ ಕೊಲಂಬಿಯಾ ಪಾಸ್ತೊದವರನ್ನು ಪೆದ್ದರೆಂದು ನಗುತ್ತದೆ. ಅವೇ ನಗೆಮಾತುಗಳನ್ನು ಕೀತೊದವರು ತುಲ್ಕಾನಿಗೆ ಅಂಟಿಸುತ್ತಾರೆ. ಅದನ್ನೆಲ್ಲ ಕೇಳಿಯೂ ಇವನ ವರಸೆ ಇದು: ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ಓಡಿಸುವುದು.

ಬಾಗಿಲ ಮೇಜಿಗೆ ಬಡಿಸುತ್ತಿದ್ದವಳು ಅವನ ಒಬ್ಬಳೇ ಮಗಳು ರೋಸಾಲ್ಬಾ. ವಾರಕ್ಕೊಮ್ಮೆ ಅಲ್ಲಿ ಬಂದು ಕೂರುತ್ತಿದ್ದವನು ವಿಲಿಂಗ್ಟನ್ ಲೋರ್, ಕರಾವಳಿಯ ಮನಾಬಿ ಸೀಮೆಯ ಚೋನೆ ಊರಿನ ಮೀನು ಲಾರಿಯವನು. ಮೂರು ವರ್ಷ ಅವನ ಬಟ್ಟಲಿಗೆ ಕದ್ದು ಬಿದ್ದ ಆಲೂಗಡ್ಡೆಗಳ ವಿಷಯ ನನಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಕೊನೆಗೆ ಅವನ ತಾಯಿ ಫ್ಲೋರಿಂದಾ ಹೆಣ್ಣು ಕೇಳಲು ಘಟ್ಟ ಹತ್ತಿ ಬಂದಳು, ಮಗನ ಸ್ವೆಟರಿನ ಮೇಲೆ ಗಂಡನ ಸ್ವೆಟರ್ ಹಾಕಿಕೊಂಡು. ಒಲ್ಮೆದೊ ಬೀಗಿತ್ತಿಯನ್ನೂ ಬಾಗಿಲ ಬಳಿಯೇ ಕೂರಿಸಿ ತಿಳಿ ಕೊಟ್ಟ. ನಾನು ನಾಚಿಕೆಯಿಂದ ಸತ್ತೆ. ಆಕೆ ಗಡಗಡ ನಡುಗುತ್ತಲೇ ಕುಡಿದು ಮುಗಿಸಿದಳು.

"ಬಿಸಿ ಇತ್ತು ಬೀಗರೇ, ಅಷ್ಟು ಸಾಕು," ಅಂದಳು.

ಆಕೆ ಹೋದ ಮೇಲೆ ರೋಸಾಲ್ಬಾ ಅಳಲಿಲ್ಲ, ಕಿರುಚಲಿಲ್ಲ. "ಅಪ್ಪ, ನಾನು ಹೋಗೋದಂತೂ ಹೌದು. ನೀನು ಬಂದು ಹರಸಿ ಒಪ್ಪಿಸ್ತೀಯೋ, ಇಲ್ಲ ದಿಕ್ಕಿಲ್ಲದೋಳ ಥರ ಹೋಗ್ಲೋ, ನೀನೇ ಹೇಳು."

ಅಷ್ಟಕ್ಕೆ ಮುದುಕ ಮೆತ್ತಗಾದ. ನಮ್ಮಲ್ಲಿ ಹೆಣ್ಣಿನ ಅಪ್ಪ ಮದುವೆಗೆ ಹೊಣೆ ನಿಲ್ಲುವ ದಂಪತಿಗಳ ಮುಂದೆ, ಆಲೂಗಡ್ಡೆ ರಾಶಿಯ ಮೇಲೆ ಆಗತಾನೇ ಸುಟ್ಟ ಗಿನಿಯಿಲಿಗಳನ್ನಿಟ್ಟು ಮಗಳನ್ನು ಒಪ್ಪಿಸಬೇಕು. ಇಡದವನನ್ನು, ಮಗಳನ್ನು ಬರಿಗೈಯಲ್ಲಿ ತಳ್ಳಿದ ಅಂತ ಆಡಿಕೊಳ್ಳುತ್ತಾರೆ. ಒಲ್ಮೆದೊ ಎಂಟು ಕೊಬ್ಬಿದ ಗಿನಿಯಿಲಿಗಳನ್ನು ಜೀವಂತ ಪೆಟ್ಟಿಗೆಗೆ ತುಂಬಿ, ಮಗಳನ್ನೂ ನನ್ನನ್ನೂ ಹೊರಡಿಸಿಕೊಂಡು ಚೋನೆಯ ಮದುವೆಗೆ ಬಸ್ಸು ಹತ್ತಿದ.

"ಚಳಿಯ ಪ್ರಾಣಿಗಳು ಕಣಯ್ಯ, ಕೆಳಗಿನ ಸೆಕೆಗೆ ಉಳಿಯಲ್ಲ," ಅಂದೆ.

"ತುಲ್ಕಾನ್ ರಕ್ತ. ಅಷ್ಟು ಸುಲಭಕ್ಕೆ ಸಾಯಲ್ಲ."

ಘಟ್ಟ ಇಳಿದು ಸಾಂತೊ ದೊಮಿಂಗೊ ಊರು ದಾಟುವಷ್ಟರಲ್ಲಿ ಪೆಟ್ಟಿಗೆಯ ಸದ್ದು ನಿಂತಿತು. ಚೋನೆಯಲ್ಲಿ ಇಳಿದಾಗ ತುಲ್ಕಾನ್ ರಕ್ತವೆಲ್ಲ ಕಾಲು ಚಾಚಿ ಮಲಗಿತ್ತು. ಒಲ್ಮೆದೊ ಕಂಬಳಿಯೊಳಗೆ ಬೇಯುತ್ತಿದ್ದ. ಮದುವೆ ಮನೆಯ ಹಿತ್ತಿಲಲ್ಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತ.

"ಬರಿಗೈ ಆಯ್ತಲ್ಲ ತಾರ್ಸಿಲಾ," ಅಂತ ಅತ್ತ. ಚೆನ್ನಾಗಿ ಬೈಯಬೇಕು ಅಂತಿದ್ದೆ, ಪಾಪ ಅನ್ನಿಸಿತು.

ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಫ್ಲೋರಿಂದಾ ಎಲ್ಲ ಕೇಳಿಸಿಕೊಂಡಿದ್ದಳು. ಸೀದಾ ಹೋಗಿ ತನ್ನ ಎಂಟು ಕೋಳಿಗಳ ಕತ್ತು ಮುರಿದಳು. ಅವನ್ನು ಸುಟ್ಟು ಬಾಳೆಕಾಯಿಯ ರಾಶಿಯ ಮೇಲಿಟ್ಟು, "ಇದು ಹೆಣ್ಣಿನಪ್ಪ ಮೇಲಿಂದ ತಂದಿದ್ದು," ಅಂತ ಎಲ್ಲರೆದುರು ಹೇಳಿದಳು. ಮಗಳನ್ನು ಒಪ್ಪಿಸಿದ್ದಾಯಿತು. ಆಮೇಲೆ ಅವನ ಮುಂದೆ ಕಡಲೆಕಾಯಿ ಅರೆದು ಹಾಕಿದ ಮೀನಿನ ಸಾರು ತಂದಿಟ್ಟಳು, ಚಮಚ ನಿಲ್ಲುವಷ್ಟು ಗಟ್ಟಿ.

"ತಿಳಿ ಕೊಡೋಣ ಅಂತಲೇ ಇದ್ದೆ ಬೀಗರೇ. ಕೈ ಬರ್ಲಿಲ್ಲ," ಅಂದಳು.

ಅವನು ತಲೆಯೆತ್ತಲಿಲ್ಲ. ಎರಡನೇ ಸಲ ಮಾತ್ರ ಹಾಕಿಸಿಕೊಂಡ.

ಬುದ್ಧಿ ಬಂತು ಅಂದುಕೊಂಡಿರಾ? ಊರಿಗೆ ಬಂದವನೇ ಒಲೆಯ ಮುಂದೆ ನಿಂತು ಹೊಸ ಭೂಗೋಳ ಶುರುಮಾಡಿದ. "ನೋಡು, ಮನಾಬಿಯೋರು ಕರಾವಳಿಯೋರೇ ಅಲ್ಲ. ಅವರ ಗುಣಾನೇ ಬೇರೆ. ಕರಾವಳಿ ಅಂದ್ರೆ ಅದು ಗ್ವಾಯಾಕೀಲ್." ಮನಾಬಿಯವರಿಗೆ ಒಲೆಯ ಪಕ್ಕ ಜಾಗವಾಯಿತು. ಗ್ವಾಯಾಕೀಲಿನವರು ಬಾಗಿಲಲ್ಲೇ ಉಳಿದರು. ನಾಯಿ ಬಾಲ ಡೊಂಕೇ.

ಮರುವರ್ಷ ರೋಸಾಲ್ಬಾ ತವರಿಗೆ ಬಂದಳು. ಅಪ್ಪ ಒಲೆಯ ಪಕ್ಕದ ಕುರ್ಚಿಯನ್ನು ಎರಡೆರಡು ಸಲ ಒರೆಸಿ ಇಟ್ಟಿದ್ದ. ಅವಳು ಅದನ್ನು ನೋಡಿ, ಸೀದಾ ಹೋಗಿ ಬಾಗಿಲ ಬಳಿ ಗ್ವಾಯಾಕೀಲಿನ ಇಬ್ಬರು ಲಾರಿಯವರ ನಡುವೆ ಕೂತಳು.

"ಅದು ನಿನ್ನ ಜಾಗ ಅಲ್ಲ ಮಗಳೇ, ಇಲ್ಲಿ ಬಾ."

"ನಮ್ಮತ್ತೆ ಕೂತಿದ್ದು ಇಲ್ಲೇ ಅಲ್ವಾ ಅಪ್ಪ? ತಾರ್ಸಿಲಾ ಚಿಕ್ಕಮ್ಮ, ನಂಗೂ ಆ ತಿಳಿನೇ ಹಾಕು."

ನಾನು ಕೈಕಟ್ಟಿ ನಿಂತೆ. ಒಲ್ಮೆದೊ ತಾನೇ ಸೌಟು ತೆಗೆದುಕೊಂಡು, ತಳ ಕೆದಕಿ, ಬಟ್ಟಲು ತುಂಬಿಸಿ ತಂದ. ಅವಳು ಅದನ್ನು ಎಡಗಡೆಯವನ ಮುಂದೆ ಸರಿಸಿದಳು. ಇನ್ನೊಂದು ತಂದ, ಅದು ಬಲಗಡೆಯವನಿಗೆ ಹೋಯಿತು. ಮುದುಕ ಮೂರನೆಯದನ್ನೂ ತಂದ. ಅದನ್ನು ಅವಳು ತನ್ನ ಮುಂದೆ ಇಟ್ಟುಕೊಂಡಳು.

"ಬಿಸಿ ಇದೆ ಅಪ್ಪ," ಅಂದಳು.

ಹೊರಗಿನಿಂದ ಗಾಳಿ ಬೀಸುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲ ಸಲ, ಒಲ್ಮೆದೊ ಹೋಗಿ ಬಾಗಿಲು ಹಾಕಿದ.