ಆರು ಇಂಚಿನ ಕಿಂಡಿ

೧೯೯೯ರಲ್ಲಿ ನಾನು ಏಳನೇ ತರಗತಿಗೆ ಶಾಲೆ ಬಿಟ್ಟೆ. ಮುಂದಿನದೆಲ್ಲ ಉಳಿ, ಗರಗಸ ಹಿಡಿದೇ ಕಲಿತದ್ದು. ಹೊಸಪೇಟೆ, ಕಂಪ್ಲಿ, ಸಂಡೂರಿನಲ್ಲಿ ಮೆಡಿಕಲ್ ಶಾಪ್‌ಗಳ ರ‍್ಯಾಕು, ಕೌಂಟರು ಅಂದರೆ ನನ್ನನ್ನೇ ಕರೆಯುತ್ತಾರೆ. ನಕ್ಷೆಗೆ ಇಂಜಿನಿಯರ್ ನನಗೆಂದೂ ಬೇಕಾಗಿಲ್ಲ.

೨೦೨೨ರಲ್ಲಿ ಹೊಸಪೇಟೆಯ ಒಂದು ಅಂಗಡಿಯ ಕೆಲಸ ಬಂತು. ಕೊರೊನಾ ಹೋದರೂ ಮಾಲೀಕ ವೀರೇಶಪ್ಪನವರ ಭಯ ಹೋಗಿರಲಿಲ್ಲ. ಕೌಂಟರಿನಿಂದ ಚಾವಣಿಯವರೆಗೆ ಗಾಜು ಬೇಕೆಂದರು. ಹತ್ತು ಮಿಲಿಮೀಟರ್ ದಪ್ಪದ ಟಫನ್ಡ್ ಗಾಜು, ಅಂದರೆ ಸುಲಭಕ್ಕೆ ಒಡೆಯದ ಗಾಜು, ಹಾಕಿದೆ. ಚೀಟಿ, ಮಾತ್ರೆ ದಾಟಲು ಕೆಳಗೆ ಆರು ಇಂಚಿನ ಕಿಂಡಿ ಬಿಟ್ಟೆ. ಮಾತು ದಾಟಲು ಏನೂ ಬಿಡಲಿಲ್ಲ.

ಒಳಗೆ ಮಾತ್ರೆ ಕೊಡುವ ಶೈಲಾ ಎರಡನೇ ದಿನವೇ ಅಂದಳು: “ಅಣ್ಣಾ, ಒದರಿ ಒದರಿ ಗಂಟಲು ಕಟ್ಟೈತಿ. ಹೊರಗಿನವರು ಏನಂತಾರ ಒಂದೂ ಕೇಳ್ಸವಲ್ದು.”

“ಕಿವಿ ತೊಳಕೊಳವ್ವ. ಗಾಜು ನಾನು ಹಾಕಿದ್ದು.” ಸುತ್ತಲಿದ್ದವರು ನಕ್ಕರು.

ಮರುದಿನ ನಾನು ಹೊರಗಡೆ ನಿಂತು ಗಾಜಿನ ಅಂಚಿಗೆ ಸಿಲಿಕಾನ್ ಅಂಟು ಹಚ್ಚುತ್ತಿದ್ದೆ. ಪಕ್ಕದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಮಲಪನಗುಡಿಯ ಹುಲಿಗೆಮ್ಮ ಬಂದು, ಚೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೇ ಕಿಂಡಿಗೆ ಬಾಗಿ ಏನೋ ಪಿಸುಗುಟ್ಟಿದಳು.

“ಏನ್ರೀ? ಜೋರಾಗಿ ಹೇಳ್ರಿ!” ಎಂದಳು ಶೈಲಾ.

ಹುಲಿಗೆಮ್ಮ ಮತ್ತೆ ಪಿಸುಗುಟ್ಟಿದಳು. ಸಾಲು ಬೆಳೆಯುತ್ತಿತ್ತು. ನನ್ನ ಗಾಜಿಗೆ ಕೆಟ್ಟ ಹೆಸರು ಬರುತ್ತದೆ ಅನ್ನಿಸಿತು. ಪಕ್ಕದಲ್ಲಿದ್ದ ನನಗೆ ಕೇಳಿಸಿತ್ತು, ನಾನೇ ಕೂಗಿದೆ: “ಫಿಟ್ಸಿನ ಮಾತ್ರಿ ಅಂತ! ಒಂದ್ ತಿಂಗಳದ್ದು ಕೊಡವ್ವ!”

ಸಾಲಿನಲ್ಲಿ ಮೂರನೆಯವರು ಖಾನಾವಳಿಯ ಮಾಲಕಿ ಶಾಂತಕ್ಕ.

“ಯಾರಿಗೇ ಹುಲಿಗೆಮ್ಮಾ?”

“ನಮ್ಮ ತಂಗಿಗ್ರೀ, ಅಕ್ಕಾರ.”

ಶಾಂತಕ್ಕ ಅವಳ ಕೈಯಿಂದ ಚೀಟಿ ಕಿತ್ತು ಓದಿದರು. “ನಿನ್ನ ಹೆಸರೇ ಐತಲ್ಲ.”

“ಐದು ವರ್ಷದಾಗ ಒಮ್ಮೇನೂ ಬಿದ್ದಿಲ್ರೀ. ಮಾತ್ರಿ ತಪ್ಪಿಸಿಲ್ಲ.”

“ಒಲಿ ಮುಂದ ಬಿದ್ರ ಯಾರ ಹೊಣಿ? ನಾಳಿಂದ ಬರಬ್ಯಾಡ.”

ಹುಲಿಗೆಮ್ಮ ಮಾತ್ರೆ ತೆಗೆದುಕೊಂಡು ನನ್ನ ಕಡೆ ತಿರುಗಿದಳು. “ಅಣ್ಣಾ, ನಿಮ್ಮನ್ನ ಯಾರು ಕೇಳಿದ್ರು?”

ಅವಳನ್ನು ಕೆಲಸದಿಂದ ತೆಗೆಯಬೇಡಿ ಎಂದು ಶಾಂತಕ್ಕನ ಬಳಿ ಹೋಗಿ ಕೈಮುಗಿದೆ, ಅವರು ಕೇಳಲಿಲ್ಲ. ಮಾತು ದಾಟಲು ತೂತು ಮಾಡೋಣವೆಂದರೆ ಟಫನ್ಡ್ ಗಾಜನ್ನು ಆಮೇಲೆ ಕೊರೆಯಲಾಗುವುದಿಲ್ಲ, ಬದಲಿಸಬೇಕು. ನನ್ನ ಖರ್ಚಿನಲ್ಲೇ ಬದಲಿಸುತ್ತೇನೆ ಎಂದೆ. ವೀರೇಶಪ್ಪನವರು ನಕ್ಕರು: “ಭಾಳ ಚಲೋ ಐತಿ, ಬಿಡಪ್ಪ. ಮಂದಿ ಒದರಲಿ. ವ್ಯಾಪಾರ ಜೋರೈತಿ ಅಂತ ಊರಿಗೆ ಗೊತ್ತಾಗತೈತಿ.”

ಈಗ ಗಾಜು ಕೊರೆಸುವ ಮೊದಲು, ನಕ್ಷೆಯಂತೆ ತೂತು ಮಾಡಿದ ಪ್ಲೈವುಡ್ ಹಲಗೆ ನಿಲ್ಲಿಸಿ, ಅದರ ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿ, ಒಂದು ಕಾಯಿಲೆಯ ಹೆಸರನ್ನು ಮೆಲ್ಲಗೆ ಹೇಳಿಸುತ್ತೇನೆ. ಆ ಕಡೆ ಕೇಳಿಸದಿದ್ದರೆ ನಕ್ಷೆ ಬದಲು. ಈ ಪಾಠದ ಫೀಸು ಹುಲಿಗೆಮ್ಮ ಕಟ್ಟಿದಳು.

ಇವತ್ತು ನನಗೆ ಸ್ವಂತ ವರ್ಕ್‌ಶಾಪ್ ಇದೆ, ಎರಡು ಮಷಿನ್, ನಾಲ್ವರು ಕೆಲಸಗಾರರು. ಆಮೇಲೆ ಮಾಡಿದ ಅಂಗಡಿಗಳು ಹತ್ತೊಂಬತ್ತು. ಹತ್ತೊಂಬತ್ತರಲ್ಲೂ ಮೆಲ್ಲಗೆ ಮಾತಾಡುವ ಮೂಲೆಯಿದೆ. ವೀರೇಶಪ್ಪನವರ ಗಾಜು ಮಾತ್ರ ಇನ್ನೂ ಹಾಗೇ ನಿಂತಿದೆ. ಬಿರುಕು ಒಂದೂ ಇಲ್ಲ.